ಎರಡು ದಿಬ್ಬಗಳ ಹೋಲಿಕೆ ಪಟ್ಟಿ

ನಮ್ಮ ಊರಿನಲ್ಲಿ ಮಕ್ಕಳಿಗೆ ಅ ಆ ಇ ಈ ಕಲಿಸುವ ಮೊದಲು ಉಬ್ಬರ ಇಳಿತದ ವೇಳೆ ಕಲಿಸುತ್ತಾರೆ. ಸಮುದ್ರ ಇಳಿದಿರುವಾಗ ಊರು ಒಂದೇ. ಒಂದು ಪುರಸಭೆ, ಒಂದು ಮೀನು ಮಾರ್ಕೆಟ್ಟು, ಒಂದು ಅಂಚೆ ಕಚೇರಿ. ನೀರು ಏರಿ ನಡುವಿನ ಮರಳುದಾರಿ ಮುಚ್ಚಿತೆಂದರೆ ಮೂಡುದಿಬ್ಬ ಒಂದು ದೇಶ, ಪಡುದಿಬ್ಬ ಇನ್ನೊಂದು ದೇಶ. ದಾರಿ ಮುಚ್ಚುವ ಗಳಿಗೆಯಲ್ಲಿ ಯಾರ ಕಾಲು ಯಾವ ದಿಬ್ಬದ ಮೇಲಿರುತ್ತದೋ, ನೀರು ಇಳಿಯುವ ತನಕ ಅವರು ಆ ದೇಶದವರು. ಕರಿಬೇವು ತರಲು ಹೋದ ಗಂಡ ಪರದೇಶದವನಾಗಿಬಿಟ್ಟರೆ ಹೆಂಡತಿ ಅನ್ನಕ್ಕೆ ತಟ್ಟೆ ಮುಚ್ಚಿಟ್ಟು ತನ್ನ ಪಾಡಿಗೆ ಊಟ ಮಾಡಿ ಮಲಗುತ್ತಾಳೆ. ಅತ್ತೆಯೊಡನೆ ಜಗಳವಾದ ಸೊಸೆಯಂದಿರು ಖಾಲಿ ಚೀಲ ಹಿಡಿದುಕೊಂಡು ಉಬ್ಬರಕ್ಕೆ ಹತ್ತು ನಿಮಿಷ ಇರುವಾಗ ಆಚೆ ದಾಟುತ್ತಾರೆ. ಮದುವೆಯ ಕಾಗದದಲ್ಲಿ ಮುಹೂರ್ತದ ಕೆಳಗೆ ನೀರಿನ ವೇಳೆಯನ್ನೂ ಅಚ್ಚು ಹಾಕಿಸುವುದು ವಾಡಿಕೆ.

ನಾನು ನೇಮಿರಾಜ, ಮೂಡುದಿಬ್ಬದ ಶಾಲೆಯಲ್ಲಿ ಭೂಗೋಳದ ಮಾಸ್ತರು. ಎರಡೂ ದಿಬ್ಬದ ಐದನೆಯ ತರಗತಿಯ ಮಕ್ಕಳು ಓದುವ ‘ನಮ್ಮ ಎರಡು ದೇಶಗಳು’ ಎಂಬ ಪುಸ್ತಕ ಬರೆದವನು ನಾನೇ. ಬರೆದು ಹದಿನಾಲ್ಕು ವರ್ಷವಾಯಿತು. ಅದರ ಕೊನೆಯ ಎರಡು ಪುಟದಲ್ಲಿ ಒಂದು ಹೋಲಿಕೆ ಪಟ್ಟಿ ಇದೆ. ಎಡಗಡೆ ಮೂಡುದಿಬ್ಬ, ಬಲಗಡೆ ಪಡುದಿಬ್ಬ. ವಿಸ್ತೀರ್ಣ, ಎತ್ತರದ ಜಾಗ, ಬಾವುಟ, ರಾಷ್ಟ್ರಪಕ್ಷಿ, ಹಬ್ಬದ ಅಡುಗೆ, ಜನರ ಉದ್ಯೋಗ, ಆಚಾರ ವಿಚಾರ. ಆ ಪಟ್ಟಿಯ ಮೇಲೆ ನನಗೆ ಎಷ್ಟು ಅಭಿಮಾನವಿತ್ತೆಂದರೆ, ಮನೆಗೆ ಬಂದವರು ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಪುಸ್ತಕ ಅವರ ಕೈಯಲ್ಲಿರುತ್ತಿತ್ತು. ನೆಂಟರು ಕಡಿಮೆಯಾದದ್ದಕ್ಕೆ ಬೇರೆ ಕಾರಣಗಳಿರಬಹುದೆಂದು ನಾನು ಬಹಳ ಕಾಲ ನಂಬಿದ್ದೆ.

ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಉಬ್ಬರದ ಹೊತ್ತಿನಲ್ಲಿ ನಾನು ಪಡುದಿಬ್ಬದಲ್ಲಿ ಒಂದು ದಿನವೂ ಇದ್ದವನಲ್ಲ. ಇಳಿತದಲ್ಲಿ ಮೀನಿಗೆಂದು ಹೋಗುತ್ತಿದ್ದೆ, ಆದರೆ ಆಗ ಅದು ದೇಶವೇ ಅಲ್ಲವಲ್ಲ. ನೀರು ಏರುವ ಅರ್ಧ ಗಂಟೆ ಮೊದಲೇ ಓಡಿ ಬರುತ್ತಿದ್ದೆ. ಬೇರೆ ದೇಶದವನಾಗಿಬಿಟ್ಟರೆ ನನ್ನಂಥ ದೇಶಾಭಿಮಾನಿಯ ಗತಿ ಏನು ಎಂಬ ಭಯ. ಹಾಗಾಗಿ ಪಡುದಿಬ್ಬದ ಪಟ್ಟಿಯನ್ನು ನಮ್ಮ ಮನೆಯ ಮಾಳಿಗೆಯ ಕಿಟಕಿಯಲ್ಲಿ ಕುಳಿತು ಬರೆದೆ. ಕಿಟಕಿಯಿಂದ ಅವರ ದಡದಲ್ಲಿ ಒಂದು ಕಾಗೆ ಕಂಡಿತು, ರಾಷ್ಟ್ರಪಕ್ಷಿ ಕಾಗೆ ಎಂದು ಬರೆದೆ. ಯಾರದೋ ಅಂಗಳದಲ್ಲಿ ನೀಲಿ ಚೌಕಳಿಯ ಬಟ್ಟೆ ಒಣಗುತ್ತಿತ್ತು, ಬಾವುಟವಾಯಿತು. ಹಬ್ಬದ ಅಡುಗೆ ತಿಳಿದಿರಲಿಲ್ಲ, ನನಗೆ ಸೇರದ ಬೂದುಗುಂಬಳದ ಪಾಯಸವನ್ನು ಅವರಿಗೆ ದಾನ ಮಾಡಿದೆ. ನಮ್ಮ ಕಡೆಯ ಪಟ್ಟಿಯಲ್ಲಿ ನಾನು ಕೈ ಬಿಗಿ ಹಿಡಿದಿರಲಿಲ್ಲ. ಮೂಡುದಿಬ್ಬದ ಶಿಖರದ ಎತ್ತರಕ್ಕೆ ಧ್ವಜಸ್ತಂಭವನ್ನೂ ಸೇರಿಸಿದ್ದೆ. ಮೂಡುದಿಬ್ಬದವರು ಹುಟ್ಟಾ ಈಜುಗಾರರು ಎಂದೂ ಬರೆದಿದ್ದೆ. ನನಗೆ ಈಜು ಬರುವುದಿಲ್ಲ.

ಪುಸ್ತಕ ಹರಿದು ಹಂಚಿಹೋಗಿ ಹೊಸ ಆವೃತ್ತಿಯ ಮಾತು ಬಂದಾಗ, ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರು ನನ್ನನ್ನು ಕರೆಸಿ, “ಈ ಸಲ ಒಂದು ಉಬ್ಬರ ಅಲ್ಲಿದ್ದು ನೋಡಿ ಬರೀರಿ ನೇಮಿರಾಜರೆ. ಮೊದಲಿನದಕ್ಕೆ ಹೇಗೆ ಮಾಹಿತಿ ಸಂಗ್ರಹಿಸಿದ್ರಿ?” ಎಂದು ಕೇಳಿದರು. “ವೀಕ್ಷಣೆಯಿಂದ” ಎಂದೆ. ಅದು ಸುಳ್ಳಲ್ಲ.

ಹೀಗೆ ಶಾಲೆಗೆ ರಜೆಯಿದ್ದ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಕೈಯಲ್ಲಿ ನೋಟುಪುಸ್ತಕ ಹಿಡಿದುಕೊಂಡು, ನಾನು ಪಡುದಿಬ್ಬದ ದಡದಲ್ಲಿ ನಿಂತು ದಾರಿ ಮುಚ್ಚುವುದನ್ನು ನೋಡಿದೆ. ದಡದ ಮೇಲೆ ಒಂದು ಬೆಂಚು, ಬೆಂಚಿನ ಮೇಲೆ ಇನಾಸಣ್ಣ. ಇಳಿತದಲ್ಲಿ ಮಾರ್ಕೆಟ್ಟಿನಲ್ಲಿ ನನಗೆ ಬಂಗುಡೆ ಆರಿಸಿ ಕೊಡುವ ಮನುಷ್ಯ. ಈಗ ಖಾಕಿ ಟೊಪ್ಪಿ ಹಾಕಿಕೊಂಡಿದ್ದ. ನಾನು ನಕ್ಕೆ. ಅವನು ನಗಲಿಲ್ಲ.

“ಮನೆ ಯಾವ ದಿಬ್ಬದಲ್ಲಿ?” ಎಂದ.

“ಇನಾಸಣ್ಣ, ನಾನು.”

“ನೀವು ಅಂತ ಕಾಣ್ತದೆ. ಮನೆ ಎಲ್ಲಿ ಅಂತ ಕೇಳಿದ್ದು.”

ಮೂಡುದಿಬ್ಬ ಎಂದೆ. ಮೂಡುದಿಬ್ಬದವರಾದರೆ ಮೂರು ಪ್ರಶ್ನೆಗೆ ಉತ್ತರ ಹೇಳಬೇಕು, ಹೇಳಿದರೆ ಎಲ್ಲಿ ಬೇಕಾದರೂ ತಿರುಗಾಡಬಹುದು, ತಪ್ಪಿದರೆ ನೀರು ಇಳಿಯುವ ತನಕ ಈ ಬೆಂಚಿನಲ್ಲಿ ಕೂರಬೇಕು ಎಂದ. ಭೂಗೋಳದ ಮಾಸ್ತರಿಗೆ ಭೂಗೋಳದ ಪ್ರಶ್ನೆ. ಕೇಳು ಎಂಬಂತೆ ಎದೆ ಮುಂದೆ ಮಾಡಿ ನಿಂತೆ.

“ನಮ್ಮ ರಾಷ್ಟ್ರಪಕ್ಷಿ?”

ಪುಸ್ತಕದ್ದು ನಾನೇ ಕಟ್ಟಿದ್ದು, ನಿಜವಾದದ್ದು ಬೇರೆ ಇರಬೇಕೆಂದು ಸುತ್ತ ನೋಡಿದೆ. ನೀರಿನ ಅಂಚಿಗೆ ಸಾಲಾಗಿ ಬೆಳ್ಳಕ್ಕಿಗಳು. “ಬೆಳ್ಳಕ್ಕಿ.”

“ಕಾಗೆ. ಹಬ್ಬದ ಅಡುಗೆ?”

“ಮೀನಿನದ್ದೇ ಏನಾದರೂ ಇರಬೇಕು.”

“ಬೂದುಗುಂಬಳದ ಪಾಯಸ. ಕಡೇದು. ನಮ್ಮಲ್ಲಿ ಎತ್ತರದ ಜಾಗ ಯಾವುದು?”

ಅವನ ಬೆನ್ನ ಹಿಂದೆಯೇ ತೆಂಗಿನಮರಗಳನ್ನು ಹೊತ್ತ ಒಂದು ದೊಡ್ಡ ಗುಡ್ಡ ನಿಂತಿತ್ತು. ಕೈ ಮಾಡಿ ತೋರಿಸಿದೆ. ಇನಾಸಣ್ಣ ತಿರುಗಿ ನೋಡಲೂ ಇಲ್ಲ. “ಎತ್ತರದ ಜಾಗ ಇಲ್ಲ” ಎಂದ. “ಐದನೇ ಕ್ಲಾಸಿನ ಮಕ್ಕಳು ಹೇಳ್ತವೆ ಮಾಸ್ಟ್ರೆ. ನೀವು ಪುಸ್ತಕ ಓದ್ಲಿಲ್ವಾ?”

ಬರೆದದ್ದು ನಾನು ಎಂದು ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡು ಬೆಂಚಿನಲ್ಲಿ ಕುಳಿತೆ. ಆ ಹೊತ್ತಿಗೆ ಪಕ್ಕದ ಕಂಬಕ್ಕೆ ಬಾವುಟ ಏರಿತು. ಬೀಡಿ ಕಟ್ಟುತ್ತಿದ್ದ ಹೆಂಗಸರು ಎಲೆಯ ಮೊರ ಕೆಳಗಿಟ್ಟು ಎದ್ದರು, ದೋಣಿಗೆ ಎಣ್ಣೆ ಹಚ್ಚುತ್ತಿದ್ದವರು ಕೈ ಒರೆಸಿಕೊಂಡು ನಿಂತರು. ನೀಲಿ ಚೌಕಳಿ ಗಾಳಿಗೆ ಬಿಚ್ಚಿಕೊಂಡಿತು. ಹದಿನಾಲ್ಕು ವರ್ಷದ ಹಿಂದೆ ಕಿಟಕಿಯಿಂದ ನೋಡಿದ್ದ ಲುಂಗಿಯೇ, ಹೊಲಿದ ಬಟ್ಟೆ ಮಾತ್ರ ಹೊಸದು. ನಾನೂ ಎದ್ದು ನಿಂತೆ. ನನ್ನ ಜೀವನದಲ್ಲಿ ಅಷ್ಟು ನೆಟ್ಟಗೆ ಎಂದೂ ನಿಂತಿರಲಿಲ್ಲ.

ನನ್ನನ್ನು ಬೆಂಚಿನಿಂದ ಬಿಡಿಸಿದವರು ಜಲಜಕ್ಕ. ಅರುವತ್ತು ದಾಟಿದ, ಅಗಲ ಭುಜದ ಹೆಂಗಸು. ಎದುರಿಗೆ ಯಾರದೋ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದವರು ಅಲ್ಲಿಂದಲೇ, “ಇನಾಸಾ, ಬಿಸಿಲಿಗೆ ಯಾಕೆ ಕೂರಿಸಿದ್ದು ಅವರನ್ನು? ನನ್ನ ಜವಾಬ್ದಾರಿ ಅಂತ ಬರ್ಕೋ” ಎಂದು ಹೇಳಿ ನನ್ನನ್ನು ಕರೆದುಕೊಂಡು ಹೊರಟರು. ಅವರ ಮನೆಗೆ ಹೋಗಲು ಎತ್ತರದ ಜಾಗ ಇಲ್ಲದ ಆ ದೇಶದ ಗುಡ್ಡವನ್ನು ಅರ್ಧ ಹತ್ತಬೇಕಾಯಿತು. ನಡುದಾರಿಯಲ್ಲಿ ಏದುಸಿರು ಬಂದು ನಿಂತೆ. “ಜಲಜಕ್ಕ, ಇದು ಗುಡ್ಡ ಅಲ್ವಾ?” ಎಂದೆ.

“ಹತ್ತುವಾಗ ಗುಡ್ಡವೇ. ಪುಸ್ತಕದಲ್ಲಿ ಇಲ್ಲ, ಹಾಗಾಗಿ ನಾವು ಸುಮ್ಮನೆ ಮೇಲೆ ಅಂತ ಹೇಳುದು.”

ಮನೆಯ ಮಾಡಿನ ಮೇಲೆಲ್ಲ ಬೂದುಗುಂಬಳದ ಬಳ್ಳಿ ಹಬ್ಬಿತ್ತು. ಅಕ್ಕಪಕ್ಕದ ಮಾಡುಗಳ ಮೇಲೂ ಅದೇ. ಒಳಗೆ ಅವರ ಮಗಳು ಪ್ರಫುಲ್ಲ ಇದ್ದಳು, ಇಪ್ಪತ್ತನಾಲ್ಕರ ಹುಡುಗಿ, ಪಡುದಿಬ್ಬದ ಶಾಲೆಯ ಟೀಚರು. ನನ್ನ ಹೆಸರು ಕೇಳಿದ್ದೇ ತಡ ಅವಳು ಎದ್ದು ಒಳಗೆ ಓಡಿ, ಖಾಕಿ ಕಾಗದದ ರಟ್ಟು ಹಾಕಿದ ಒಂದು ಪುಸ್ತಕ ತಂದಳು. ‘ನಮ್ಮ ಎರಡು ದೇಶಗಳು’, ಮೊದಲನೆಯ ಮುದ್ರಣ.

“ಸರ್, ನಾನು ಟೀಚರ್ ಆದದ್ದೇ ಈ ಪುಸ್ತಕದಿಂದ” ಎಂದಳು. “ಇದು ಬರೂದಕ್ಕಿಂತ ಮೊದಲು ನಮಗೆ ಏನೂ ಇರ್ಲಿಲ್ಲ. ಬಾವುಟ ಇಲ್ಲ, ಪಕ್ಷಿ ಇಲ್ಲ. ಪುಸ್ತಕ ಓದಿದ ಮೇಲೆಯೇ ನಮಗೂ ಇದೆಲ್ಲ ಉಂಟು ಅಂತ ಗೊತ್ತಾದದ್ದು. ಹಿರಿಯರು ಮರೆತುಬಿಟ್ಟಿದ್ದರು ಅಂತ ಕಾಣ್ತದೆ.”

ಹೊಗಳಿಕೆಗೆ ಸಾಧಾರಣವಾಗಿ ನಾನು ಬೇಗ ಕರಗುವ ಪ್ರಾಣಿ. ಆ ದಿನ ಕುಳಿತಲ್ಲೇ ಬೆವರಿದೆ. ಜಲಜಕ್ಕ ಬಂದವರಿಗೆಂದು ರಾಷ್ಟ್ರದ ಪಾಯಸ ತಂದಿಟ್ಟರು. ಒಂದು ಚಮಚ ಬಾಯಿಗಿಟ್ಟೆ. ಹಸಿ ಹುಲ್ಲಿಗೆ ಬೆಲ್ಲ ಹಾಕಿದ ಹಾಗಿತ್ತು. ಪ್ರಫುಲ್ಲ ತಾನೂ ತಿನ್ನುತ್ತ, “ಇಲ್ಲಿ ಯಾರಿಗೂ ಇದು ಅಷ್ಟು ಸೇರೂದಿಲ್ಲ ಸರ್. ಆದ್ರೆ ಹಬ್ಬಕ್ಕೆ ತಪ್ಪಿಸೂದಿಲ್ಲ. ಬೀಜ ಮೂಡುದಿಬ್ಬದಿಂದ ತರಿಸ್ಬೇಕಾಯ್ತು ಮೊದಲಿಗೆ” ಎಂದಳು. ನಾನು ಬಟ್ಟಲು ಖಾಲಿ ಮಾಡಿದೆ. ಜಲಜಕ್ಕ ಇನ್ನೊಂದು ಬಟ್ಟಲು ತಂದರು. ಅದನ್ನೂ ಖಾಲಿ ಮಾಡಿದೆ. ಅಷ್ಟಾದರೂ ಶಿಕ್ಷೆ ನನಗೆ ಆಗಬೇಕಿತ್ತು.

ಬಟ್ಟಲು ಕೆಳಗಿಡುವಾಗ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಒಂದು ವಸ್ತು ಕಣ್ಣಿಗೆ ಬಿತ್ತು. ಒಂದು ಗೇಣಿನ ಕಬ್ಬಿಣದ ಉಳಿ, ಹಿಡಿಗೆ ಹಗ್ಗದ ಕುಣಿಕೆ. ಪೂರ್ತಿ ತುಕ್ಕು ಹಿಡಿದಿತ್ತು. ಅದೇನೆಂದು ಕೇಳಿದೆ.

“ಪಚ್ಚಿಲೆ ಎಬ್ಬಿಸೂದು” ಎಂದರು ಜಲಜಕ್ಕ. “ನೀರಿನ ಅಡಿಯಲ್ಲಿ ಬಂಡೆಗೆ ಕಚ್ಚಿಕೊಂಡಿರ್ತಾವಲ್ಲ ಚಿಪ್ಪು, ಅದನ್ನು. ಹಿಂದೆ ನಾನು ಇಳೀತಿದ್ದೆ. ಬಾಕಿಯವರು ಇಳಿತ ಕಾಯ್ತಿದ್ರು, ನಾವು ಮೂರು ಜನ ಹೆಂಗಸರು ತುಂಬಿದ ನೀರಿಗೂ ಮುಳುಗ್ತಿದ್ವು.”

“ಅಮ್ಮ, ಅದೆಲ್ಲ ಈಗ ಯಾಕೆ” ಎಂದಳು ಪ್ರಫುಲ್ಲ. ಮುಖ ಕೆಂಪಾಗಿತ್ತು. ನನ್ನ ಕಡೆ ತಿರುಗಿ, ತಾಯಿಯ ಪರವಾಗಿ ಕ್ಷಮೆ ಕೇಳುವವಳಂತೆ, “ಅವರಿಗೆ ಆಗ ಗೊತ್ತಿರ್ಲಿಲ್ಲ ಸರ್. ನಾನು ಐದನೇ ಕ್ಲಾಸಿನಲ್ಲಿ ಓದಿ ಬಂದು ಹೇಳಿದ ಮೇಲೆ ಬಿಟ್ಟುಬಿಟ್ರು” ಎಂದಳು. ಪುಸ್ತಕ ತೆರೆದು ಕೊನೆಯ ಪುಟದ ತುದಿಗೆ ಬೆರಳಿಟ್ಟಳು. ಅವಳಿಗೆ ನೋಡಿ ಓದುವ ಅಗತ್ಯವೇ ಇರಲಿಲ್ಲ. “ಪಡುದಿಬ್ಬದ ಹೆಂಗಸರು ನೀರಿಗೆ ಇಳಿಯುವುದಿಲ್ಲ. ಇದು ಅವರ ಪ್ರಾಚೀನ ಸಂಪ್ರದಾಯ.”

ಹಾಗೊಂದು ಸಾಲು ಬರೆದಿದ್ದೇನೆಂದೇ ನನಗೆ ಮರೆತುಹೋಗಿತ್ತು.

ನಾನು ಧೈರ್ಯಸ್ಥನೆಂದು ನಂಬಿಸಲು ಈ ಕಥೆ ಹೇಳುತ್ತಿಲ್ಲ. ಆಗ ಗೋಡೆಯ ಗಡಿಯಾರ ನೋಡಿದೆ. ಹನ್ನೆರಡೂಕಾಲು. ಮೂರು ಗಂಟೆಗೆ ದಾರಿ ತೆರೆಯುತ್ತದೆ. ಬಾಯಿ ಮುಚ್ಚಿಕೊಂಡು ಎರಡು ಮುಕ್ಕಾಲು ಗಂಟೆ ಕಳೆದರೆ ಮನೆಗೆ ಹೋಗಿ ಹೊಸ ಮುದ್ರಣದಲ್ಲಿ ಆ ಸಾಲು ಮೆಲ್ಲಗೆ ತೆಗೆದುಬಿಡಬಹುದು, ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ನೋಟುಪುಸ್ತಕ ತೆರೆದು ‘ಮಾಡಿನ ಮೇಲೆ ಬಳ್ಳಿ’ ಎಂದು ಏನೋ ಗೀಚಿದೆ. ಅಷ್ಟರಲ್ಲಿ ಪ್ರಫುಲ್ಲ ತನ್ನ ಪೆನ್ನು ನನ್ನ ಕೈಗೆ ಕೊಟ್ಟು, “ಸರ್, ಇದರಲ್ಲಿ ನಿಮ್ಮದೊಂದು ಸಹಿ ಬೇಕು. ಕೊನೇ ಪುಟದಲ್ಲೇ ಹಾಕಿ, ಆ ಪುಟ ಬಾಯಿಪಾಠ ಹೇಳಿದ್ದಕ್ಕೇ ನನಗೆ ಬಹುಮಾನ ಬಂದದ್ದು” ಎಂದಳು.

ಪೆನ್ನು ಹಿಡಿದೆ. ಸಹಿ ಮಾಡಲು ಜಾಗವಿದ್ದದ್ದು ಆ ಸಾಲಿನ ಕೆಳಗೇ. ಕೈ ಏಳಲಿಲ್ಲ.

“ಇದು ನಾನು ಕಟ್ಟಿದ್ದು” ಎಂದೆ.

“ಗೊತ್ತು ಸರ್, ನಿಮ್ಮದೇ ಪುಸ್ತಕ.”

“ಹಾಗಲ್ಲ ಟೀಚರ್. ಈ ಸಾಲು ಸುಳ್ಳು. ಕಾಗೆಯೂ, ಪಾಯಸವೂ. ಆ ಬಾವುಟ ಯಾರದೋ ಲುಂಗಿ. ನಾನು ಈ ದಿಬ್ಬದಲ್ಲಿ ಉಬ್ಬರಕ್ಕೆ ನಿಂತದ್ದು ಇವತ್ತೇ ಮೊದಲು.”

ಪ್ರಫುಲ್ಲ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಕಾಗೆಯ ವಿಷಯ ಕೇಳಲಿಲ್ಲ, ಬಾವುಟದ್ದೂ ಕೇಳಲಿಲ್ಲ. “ಈ ಸಾಲು ಯಾಕೆ ಬರೆದದ್ದು ಸರ್?” ಎಂದಳು.

ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ದ್ವೇಷ, ಹೊಟ್ಟೆಕಿಚ್ಚು, ಏನಾದರೂ. “ಪುಟದ ಕೊನೆಗೆ ಒಂದು ಸಾಲಿನ ಜಾಗ ಖಾಲಿ ಉಳಿದಿತ್ತು” ಎಂದೆ. “ಅಚ್ಚುಕೂಟದವನು ಏನಾದ್ರೂ ತುಂಬಿಸಿ ಕೊಡಿ ಅಂದ.”

ಅವಳು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ತಾಯಿಯ ಕಡೆ ತಿರುಗಿ, “ಅಮ್ಮ, ಕೇಳಿದ್ಯಾ? ಅದು ಸುಳ್ಳಂತೆ” ಎಂದಳು.

“ನನಗೆ ಗೊತ್ತಿಲ್ಲದೆ ಉಂಟಾ” ಎಂದರು ಜಲಜಕ್ಕ. ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು. “ನನ್ನ ಅಮ್ಮ ಇಳೀತಿದ್ಲು, ಅವಳ ಅಮ್ಮ ಇಳೀತಿದ್ಲು. ಪ್ರಾಚೀನ ಅಂದ್ರೆ ಎಷ್ಟು ಹಿಂದೆ ಅಂತ ನಾನು ಯಾರನ್ನು ಕೇಳ್ಬೇಕಿತ್ತು?”

“ಮತ್ತೆ ಬಿಟ್ಟದ್ದು ಯಾಕೆ?”

ಜಲಜಕ್ಕ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು. “ನೀನು ಆ ದಿನ ಬಹುಮಾನದ ಬಟ್ಟಲು ಹಿಡ್ಕೊಂಡು ಓಡಿ ಬಂದೆ. ನಾನು ಚಿಪ್ಪಿನ ಚೀಲ ಹೊತ್ತುಕೊಂಡು ನೀರಿನಿಂದ ಮೇಲೆ ಬರ್ತಾ ಇದ್ದೆ, ಮೈಯೆಲ್ಲ ಒದ್ದೆ. ನಿನ್ನ ಜೊತೆಯ ಮಕ್ಕಳು ನಿನ್ನ ಮುಖ ನೋಡಿದ್ವು, ನನ್ನ ಮುಖ ನೋಡಿದ್ವು. ನೀನು ಬಟ್ಟಲನ್ನು ಬೆನ್ನ ಹಿಂದೆ ಅಡಗಿಸಿದೆ.” ಅವರು ಬಟ್ಟಲುಗಳನ್ನು ಎತ್ತಿಕೊಂಡರು. “ನನ್ನ ಮಗಳು ಕಲಿತದ್ದು ಸುಳ್ಳಾಗುದು ಬೇಡ ಅಂತ ಕಂಡಿತು. ಬೀಡಿ ಕಟ್ಟಿದ್ರೂ ಆಗ್ತದೆ ಅಲ್ವಾ.”

ಒಳಗೆ ನೀರು ಸುರಿಯುವ ಸದ್ದು, ಪಾತ್ರೆ ತೊಳೆಯುವ ಸದ್ದು ಕೇಳಿತು. ಪ್ರಫುಲ್ಲ ಎದ್ದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಹೋದಳು. ಅಳಲು ಹೋದಳೆಂದು ನಾನು ಎಣಿಸಿದೆ. ಜನರ ಬಗ್ಗೆ ನಾನು ಊಹಿಸಿದ್ದು ಆಗಲೂ ತಪ್ಪಿತು. ಅವಳು ಹೋದದ್ದು ಶಾಲೆಯ ಗಂಟೆ ಬಾರಿಸಲು.

ಅರ್ಧ ಗಂಟೆಯಲ್ಲಿ ಇಡೀ ಪಡುದಿಬ್ಬ ಸಮುದ್ರಕ್ಕೆ ಇಳಿಯುವ ಮೆಟ್ಟಿಲುಗಳ ಹತ್ತಿರ ಸೇರಿತು. ಪ್ರಫುಲ್ಲ ನನ್ನನ್ನು ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿ ಪುಸ್ತಕ ಕೈಗೆ ಕೊಟ್ಟು, “ಒಂದೊಂದೇ ಓದಿ ಸರ್. ಎಲ್ಲಿಂದ ತಂದದ್ದು ಅಂತಲೂ ಹೇಳಿ” ಎಂದಳು. ಇಪ್ಪತ್ತಾರು ವರ್ಷ ಮಕ್ಕಳನ್ನು ಹೀಗೆ ನಿಲ್ಲಿಸಿದವನು ನಾನು. ನಿಂತವರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುವುದು ಏಕೆಂದು ಅವತ್ತು ತಿಳಿಯಿತು.

ಓದಿದೆ. ಕಾಗೆ ಕಿಟಕಿಯಿಂದ ಕಂಡದ್ದು ಎಂದೆ. ಜನ ತಮ್ಮತಮ್ಮೊಳಗೆ ಮಾತಾಡಿಕೊಂಡರು. ಒಬ್ಬ ಮುದುಕ, “ಇಷ್ಟು ವರ್ಷ ಅನ್ನ ಹಾಕಿ ಸಾಕಿದ್ದೇವೆ, ಈಗ ಹೋಗು ಅಂದ್ರೆ ಅದು ಎಲ್ಲಿಗೆ ಹೋಗ್ತದೆ” ಎಂದ. ಕಾಗೆ ಉಳಿಯಿತು. ಬಾವುಟ ಒಣಗಲು ಹಾಕಿದ್ದ ಲುಂಗಿ ಎಂದೆ. ಇನಾಸಣ್ಣ ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, “ನಮ್ಮನೆಯದ್ದು ಅಂತ ನನಗೆ ಯಾವಾಗ್ಲೂ ಒಂದು ಅನುಮಾನ ಇತ್ತು. ನಾನೇ ದಿನಾ ಅದಕ್ಕೆ ಸೆಲ್ಯೂಟ್ ಹೊಡೀತಿದ್ದೆ, ಯಾರ ಹತ್ರ ಹೇಳುದು” ಎಂದ. ಬಹಳ ಹೊತ್ತು ನಕ್ಕರು. ಬಾವುಟವೂ ಉಳಿಯಿತು. ಪಾಯಸದ ಪರವಾಗಿ ಮಾತಾಡಲು ಒಬ್ಬರೂ ಇರಲಿಲ್ಲ. ಗುಡ್ಡಕ್ಕೆ ಗುಡ್ಡವೆನ್ನಲು ಒಪ್ಪಿಗೆಯಾದಾಗ ಮೊಣಕಾಲು ನೋವಿನ ಮುದುಕಿಯೊಬ್ಬಳು, ಇಷ್ಟು ವರ್ಷ ತನ್ನನ್ನು ಯಾರೂ ನಂಬಲಿಲ್ಲ ಎಂದು ಬೈದಳು. ಯಾರೂ ನನಗೆ ಕೈ ಮಾಡಲಿಲ್ಲ. ಎರಡೇಟು ಬಿದ್ದಿದ್ದರೆ ಹಗುರವಾಗುತ್ತಿತ್ತು.

ಕೊನೆಯ ಸಾಲಿಗೆ ಬಂದೆ. ಅದನ್ನೂ ಓದಿದೆ. ಜನರೆಲ್ಲ ಜಲಜಕ್ಕನ ಕಡೆ ನೋಡಿದರು. ಹಿಂದೆ ಅವರೊಡನೆ ಮುಳುಗುತ್ತಿದ್ದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ಜಲಜಕ್ಕ ಉಳಿಯನ್ನು ಸೆರಗಿನ ಮರೆಯಲ್ಲಿ ತಂದಿದ್ದರು. ಯಾವಾಗ ಮೊಳೆಯಿಂದ ತೆಗೆದಿದ್ದರೋ ನಾನು ನೋಡಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡರು. ಕುಣಿಕೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮೆಟ್ಟಿಲು ಇಳಿಯತೊಡಗಿದರು. ನೀರು ಸೊಂಟಕ್ಕೆ ಬಂದಾಗ ಒಮ್ಮೆ ನಿಂತರು.

“ಅಮ್ಮ, ಹದಿನಾಲ್ಕು ವರ್ಷ ಆಯ್ತು” ಎಂದಳು ಪ್ರಫುಲ್ಲ.

“ನನಗೆ ಆಯ್ತು. ಬಂಡೆ ಅಲ್ಲೇ ಉಂಟು” ಎಂದು ಜಲಜಕ್ಕ ಮುಳುಗಿದರು.

ನೀರು ಮುಚ್ಚಿಕೊಂಡಿತು. ಮೊದಲು ಗುಳ್ಳೆಗಳು ಬಂದವು, ಆಮೇಲೆ ಅವೂ ನಿಂತವು. ಪ್ರಫುಲ್ಲ ತುಟಿಯೊಳಗೆ ಎಣಿಸುತ್ತಿದ್ದಳು. ಐವತ್ತು ದಾಟಿತು. ನಾನು ಪುಸ್ತಕವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ರಟ್ಟು ಹರಿಯಿತು. ಎಂಬತ್ತಕ್ಕೆ ಪ್ರಫುಲ್ಲ ಎಣಿಕೆ ಬಿಟ್ಟು ಸೀರೆಯಲ್ಲೇ ಮೆಟ್ಟಿಲು ಇಳಿದಳು, ಮೊಣಕಾಲು, ಸೊಂಟ, ಎದೆಯವರೆಗೆ. ಅವಳಿಗೆ ಈಜು ಬಾರದು. ಕಲಿಯದಂತೆ ಮಾಡಿದವನು ನಾನು. ಇನಾಸಣ್ಣ ನನ್ನನ್ನು ತಳ್ಳಿಕೊಂಡು ಅವಳ ಹಿಂದೆ ಇಳಿದ. ಅಷ್ಟರಲ್ಲಿ ನಾಲ್ಕು ಮಾರು ಆಚೆ ಜಲಜಕ್ಕನ ತಲೆ ಮೇಲೆ ಬಂತು. ಒಂದು ಕೈಯಲ್ಲಿ ಗೊಂಚಲಾಗಿ ಅಂಟಿದ ಕರಿನೀಲಿ ಚಿಪ್ಪುಗಳು. ಕೆಮ್ಮಿದರು, ಉಗಿದರು, ಮಗಳು ನೀರಿನಲ್ಲಿ ನಿಂತಿರುವುದನ್ನು ನೋಡಿದರು.

“ಅಲ್ಲೇ ನಿಲ್ಲು” ಎಂದರು. “ಮುಂದೆ ಮೆಟ್ಟಿಲಿಲ್ಲ. ನಾನು ಬಂದು ಕೈ ಹಿಡೀತೇನೆ.”

ಮೂರು ಗಂಟೆಗೆ ದಾರಿ ತೆರೆಯಿತು. ನಾನು ಮನೆಗೆ ಹೋಗಲಿಲ್ಲ. ಮುಂದಿನ ಉಬ್ಬರಕ್ಕೂ ಅಲ್ಲೇ ಉಳಿದೆ, ಅದರ ಮುಂದಿನದಕ್ಕೂ. ಹೊಸ ಪಟ್ಟಿಯಲ್ಲಿ ಪಡುದಿಬ್ಬದ ಕಡೆಯದನ್ನು ಪ್ರಫುಲ್ಲ ಬರೆದಳು. ಮೂಡುದಿಬ್ಬಕ್ಕೆ ಬಂದು ಒಂದು ಉಬ್ಬರ ಕುಳಿತು ನಮ್ಮ ಕಡೆಯದನ್ನೂ ತಿದ್ದಿದಳು. ನಮ್ಮ ಶಿಖರ ಹತ್ತೊಂಬತ್ತು ಅಡಿ ಗಿಡ್ಡವಾಯಿತು. ನೀರು ಏರಿದಾಗ ಬಾಗಿಲು ಹಾಕಿಕೊಳ್ಳುವವರು ನಾವು, ಜಗಲಿಗೆ ಬರುವವರು ಅವರು ಎಂದು ಅವಳು ಬರೆದದ್ದನ್ನು ಓದಿ ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ಅದು ವೀಕ್ಷಣೆ ಎಂದೆ.

ನೀರಿಗೆ ಸಂಬಂಧಿಸಿದ ಸಾಲನ್ನು ಹೇಗೆ ಬರೆಯಬೇಕೆಂದು ಜಲಜಕ್ಕನನ್ನೇ ಕೇಳಿದೆವು. ಸಂಪ್ರದಾಯ, ಪ್ರಾಚೀನ, ಇವೆಲ್ಲ ಬೇಡ ಎಂದರು. ಇರುವುದನ್ನು ಎಣಿಸಿ ಬರೆಯಿರಿ ಎಂದರು. ನಾನೇ ಮೆಟ್ಟಿಲಲ್ಲಿ ನಿಂತು ತಲೆ ಎಣಿಸಿ ಬರೆದೆ: ‘ಪಡುದಿಬ್ಬದಲ್ಲಿ ಜಲಜ ಎಂಬವರು ಮುಳುಗಿ ಚಿಪ್ಪು ತೆಗೆಯುತ್ತಾರೆ. ಅವರಿಂದ ಹದಿನೇಳು ಮಂದಿ ಕಲಿಯುತ್ತಿದ್ದಾರೆ.’ ಪುಸ್ತಕ ಅಚ್ಚಾಗಿ ಕೈಗೆ ಬರುವಷ್ಟರಲ್ಲಿ ಮೂರು ತಿಂಗಳು ಕಳೆಯಿತು, ಕಲಿಯುವವರು ಮೂವತ್ತೊಂದು ಮಂದಿಯಾಗಿದ್ದರು. ಮಕ್ಕಳು ಆ ಸಾಲಿನ ಮುಂದೆ ಪೆನ್ಸಿಲಿನಿಂದ ‘ತಪ್ಪು’ ಎಂದು ಬರೆದುಕೊಂಡು ಓದುತ್ತಾರೆ. ನಾನು ಅಚ್ಚು ಹಾಕಿಸಿದ ತಪ್ಪುಗಳಲ್ಲಿ ನನಗೆ ನಿದ್ದೆ ಕೊಟ್ಟದ್ದು ಅದೊಂದೇ. ಮೂವತ್ತೊಂದನೆಯವನು ಒಬ್ಬ ನಲವತ್ತೊಂಬತ್ತರ ಮಾಸ್ತರು. ಅವನು ಇನ್ನೂ ಮೆಟ್ಟಿಲಿನಿಂದ ಕೈ ಬಿಟ್ಟಿಲ್ಲ ಎಂದು ಜಲಜಕ್ಕ ಎಲ್ಲರೆದುರು ಹೇಳುತ್ತಾರೆ, ಮತ್ತು ಅದು ನಿಜ.